ಗಾಡಿ ಯಾವ ಟ್ಯಾಂಕಿನ ಮೇಲಿದೆ?

ತಪ್ಪು ಯಾರದು ಎಂದು ತೀರ್ಮಾನ ಮಾಡಿಟ್ಟುಕೊಂಡೇ ನನ್ನನ್ನು ಕರೆಸಿದ್ದರು. ಅದನ್ನು ತಾಂತ್ರಿಕ ಭಾಷೆಯಲ್ಲಿ ಹೇಳಲು ಒಬ್ಬರು ಬೇಕಿತ್ತು, ಅಷ್ಟೆ. ಹೀಗೆ ಕರೆಸಿದವರ ಮೇಲೆ ನನಗೆ ಹೊಸ್ತಿಲಲ್ಲೇ ಸಿಟ್ಟು ಬರುತ್ತದೆ. ರಾಯಚೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಜಿನ್ನಿಂಗ್ ಮಿಲ್ಲು, ಅಕ್ಕಿ ಗಿರಣಿಗಳ ಕಂಟ್ರೋಲ್ ಪ್ಯಾನಲ್ ಕಟ್ಟುತ್ತೇನೆ, ಕೆಟ್ಟರೆ ಹೋಗಿ ನೋಡುತ್ತೇನೆ, ಒಳಗಿನ ಪ್ರೋಗ್ರಾಂ ತಿದ್ದುತ್ತೇನೆ. ಯಾರ ಮೇಲೋ ಗೂಬೆ ಕೂರಿಸುವುದು ನನ್ನ ಕೆಲಸದ ಪಟ್ಟಿಯಲ್ಲಿ ಇಲ್ಲ.

ಗಿರಣಿ ಇರುವುದು ಮಾನ್ವಿಯಿಂದ ಸ್ವಲ್ಪ ಹೊರಗೆ, ಕಾಲುವೆ ದಾಟಿದ ಮೇಲೆ. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹಬೆ ಕೊಟ್ಟು, ಒಣಗಿಸಿ ಅಕ್ಕಿ ಮಾಡುವ ಗಿರಣಿ. ನೆನೆಸಲು ಸಾಲಾಗಿ ಎಂಟು ಉಕ್ಕಿನ ಟ್ಯಾಂಕುಗಳಿವೆ. ಅವುಗಳ ನೆತ್ತಿಯ ಮೇಲೆ ಎರಡು ಹಳಿ, ಹಳಿಯ ಮೇಲೆ ನಾಲ್ಕು ಗಾಲಿಯ ಒಂದು ಗಾಡಿ. ಆಪರೇಟರ್ ಯಾವ ಟ್ಯಾಂಕಿನ ಅಂಕಿ ಒತ್ತುತ್ತಾರೋ ಅದರ ಮೇಲೆ ಹೋಗಿ ನಿಂತು ಗಾಡಿ ಭತ್ತ ಸುರಿಯುತ್ತದೆ. ಆಪರೇಟರ್ ಕೂರುವ ಕೋಣೆ ಕೆಳಗೆ, ಬಾಯ್ಲರಿನ ಪಕ್ಕದಲ್ಲಿದೆ. ಅಲ್ಲಿಂದ ಗಾಡಿ ಕಾಣುವುದಿಲ್ಲ, ಪರದೆ ಮಾತ್ರ ಕಾಣುತ್ತದೆ. ಗಾಡಿ ಮೂರರ ಮೇಲಿದೆ ಎಂದು ಪರದೆ ಹೇಳಿದರೆ ಮೂರರ ಮೇಲಿದೆ ಎಂದೇ ಲೆಕ್ಕ.

ಪರದೆಗೆ ಅದನ್ನು ತಿಳಿಸುವುದು ಗಾಡಿಯ ಹೊಟ್ಟೆಯಡಿ ಕೂತಿರುವ ಎನ್‌ಕೋಡರ್. ಹಳಿಯುದ್ದಕ್ಕೂ ಒಂದು ಚೈನು ಬಿಗಿದಿದ್ದಾರೆ. ಅದರ ಮೇಲೆ ಉರುಳುವ ಹಲ್ಲಿನ ಚಕ್ರಕ್ಕೆ ಎನ್‌ಕೋಡರ್ ಜೋಡಿಸಿದ್ದಾರೆ. ಚಕ್ರ ಎಲ್ಲಿಗೆ ತಿರುಗಿ ನಿಂತಿದೆ ಎಂಬುದನ್ನು ಅದು ಅಂಕಿಯಲ್ಲಿ ಹೇಳುತ್ತದೆ. ಪ್ಯಾನಲ್ಲಿನೊಳಗೆ ಕಂಟ್ರೋಲರಿಗೆ ಸಿಕ್ಕಿಸಿದ ಒಂದು ಮಾಡ್ಯೂಲ್ ಆ ಅಂಕಿಯನ್ನು ಓದುತ್ತದೆ.

ನಡೆದದ್ದು ಇಷ್ಟು. ನಾಲ್ಕನೇ ಟ್ಯಾಂಕಿನೊಳಗೆ ಒಬ್ಬ ಹಮಾಲ ಇಳಿದು ತೊಳೆಯುತ್ತಿದ್ದ. ಟ್ಯಾಂಕು ತೊಳೆಯುವಾಗ ಹಾಕುವ ಸ್ವಿಚ್ಚೊಂದಿದೆ. ಅದನ್ನು ಹಾಕಿದರೆ ಗಾಡಿ ಆ ಟ್ಯಾಂಕಿಗೆ ಸುರಿಯಕೂಡದು. ಹಾಕಿಯೇ ಇಳಿದಿದ್ದೆ ಎಂದು ಅವನು ಹೇಳುತ್ತಾನೆ. ಕೆಳಗೆ ಆಪರೇಟರ್ ಮೂರನ್ನು ಒತ್ತಿದಳು. ಪರದೆ ಮೂರು ಎಂದಿತು. ಭತ್ತ ಬಿದ್ದದ್ದು ನಾಲ್ಕರಲ್ಲಿ. ಅವನ ಸೊಂಟದವರೆಗೆ ತುಂಬುವಷ್ಟರಲ್ಲಿ ಮೇಲಿದ್ದವರು ಬೊಬ್ಬೆ ಹಾಕಿ, ಗಾಡಿಗೆ ಭತ್ತ ತರುವ ಬೆಲ್ಟು ನಿಲ್ಲಿಸಿ, ಹಗ್ಗ ಬಿಟ್ಟು ಎಳೆದುಕೊಂಡರು. ಅವನ ಜೀವ ಉಳಿಯಿತು.

ಆಪರೇಟರ್ ಕವಿತಾಳದ ಕಡೆಯ ಹೆಂಗಸು, ಮೂವತ್ತರ ಆಸುಪಾಸು. ಇದೇ ಗಿರಣಿಯ ಅಂಗಳದಲ್ಲಿ ಬಿಸಿಲಿಗೆ ಭತ್ತ ಹರವುತ್ತಿದ್ದವಳು. ಹಳೆಯ ಆಪರೇಟರ್ ಕೆಲಸ ಬಿಟ್ಟಾಗ, ಅವನ ಪಕ್ಕ ನಿಂತು ಕಲಿತಿದ್ದ ಇವಳನ್ನು ಮಾಲೀಕರು ಕುರ್ಚಿಯಲ್ಲಿ ಕೂರಿಸಿದ್ದರು. ಹಮಾಲರಿಗೆ ಅದು ಇನ್ನೂ ನುಂಗಲಾರದ ತುತ್ತು. ನಾನು ಹೋದಾಗ ಅವಳನ್ನು ಅಂಗಳದ ನಡುವೆ ನಿಲ್ಲಿಸಿಕೊಂಡಿದ್ದರು.

“ಮಷೀನ್ ಸುಳ್ಳು ಹೇಳಂಗಿಲ್ಲ ಮೇಡಂ,” ಎಂದರು ಮಾಲೀಕರು, ಎಲ್ಲರಿಗೂ ಕೇಳುವ ಹಾಗೆ. ಹಣೆತುಂಬ ವಿಭೂತಿ, ಮೆತ್ತಗಿನ ದನಿ, ಮಾತು ಮಾತ್ರ ಕಲ್ಲು. “ಈಕಿ ನಾಕು ಒತ್ತ್ಯಾಳ, ಮೂರು ಅಂತಾಳ. ನೀವು ಚೆಕ್ ಮಾಡಿ ಬರದು ಕೊಡ್ರಿ. ಈಕಿನ್ನ ತಿರುಗಿ ಅಂಗಳಕ್ಕ ಹಾಕ್ತೀನಿ, ಮುಗೀತು.”

“ಮೂರೇ ಒತ್ತೀನ್ರೀ ಅಕ್ಕಾರ,” ಎಂದಳು ಅವಳು ನನ್ನ ಕಡೆ ತಿರುಗಿ. “ಬೇಕಾದ್ರ ದೇವಸುಗೂರಿಗೆ ಹೋಗಿ ಸೂಗೂರೇಶ್ವರನ ಮುಂದ ಆಣಿ ಮಾಡ್ತೀನಿ. ನಂದೇನು ಕಸೂರ ಇಲ್ರೀ.”

“ನಾಲ್ಕು ಒತ್ತಿದ್ದರ ತೊಳಿಯೋ ಸ್ವಿಚ್ ತಡೀತಿತ್ತಲ್ರೀ?” ಎಂದು ನಾನು ಮಾಲೀಕರನ್ನು ಕೇಳಿದೆ.

“ಆ ಸ್ವಿಚ್ ಅಂವ ಆಮ್ಯಾಲ ಹಾಕ್ಯಾನ.”

ಒಳಗೆ ಸಿಕ್ಕಿಬಿದ್ದಿದ್ದ ಹಮಾಲ ಬಾಯಿ ತೆರೆದ, ಮಾಲೀಕರ ಮುಖ ನೋಡಿ ಮುಚ್ಚಿಕೊಂಡ. ಆ ಕ್ಷಣವೇ ನಾನು ಇವರ ಮಾತನ್ನು ಬರೆದುಕೊಡುವುದಿಲ್ಲ ಎಂದು ನಿಶ್ಚಯಿಸಿದೆ. ಗಾಡಿ ಎಲ್ಲಿದೆ ಎಂಬುದು ಗಾಡಿಗೇ ಗೊತ್ತಿಲ್ಲದಿದ್ದರೆ ಸ್ವಿಚ್ಚು ಯಾರನ್ನು ತಡೆಯುತ್ತದೆ?

ಮೊದಲು ಅಳತೆ. ದಾರಕ್ಕೆ ಒಂದು ದಪ್ಪ ನಟ್ ಕಟ್ಟಿಕೊಂಡು ಮೇಲೆ ಹತ್ತಿದೆ. ಆಪರೇಟರ್ ಕೆಳಗೆ ಪರದೆಯ ಮುಂದೆ, ಫೋನು ಕಿವಿಗೆ. ಗಾಡಿಯನ್ನು ಒಂದೊಂದೇ ಟ್ಯಾಂಕಿಗೆ ಕಳಿಸುವುದು, ಸುರಿಯುವ ಬಾಯಿಯಿಂದ ದಾರ ಇಳಿಬಿಟ್ಟು ಟ್ಯಾಂಕಿನ ನಡುವಿಗೆ ಬರುತ್ತದೆಯೇ ನೋಡುವುದು, ಅವಳು ಓದಿದ ಅಂಕಿಗೆ ತಾಳೆ ಹಾಕುವುದು. ಎಂಟೂ ಸರಿಯಾಗಿದ್ದವು. ಆಗುವುದೇ ಹಾಗೆ: ಅನಾಹುತ ನಡೆದ ಕೂಡಲೇ ಮಷೀನು ಕೊಟ್ಟ ಕಂಪನಿಯವರು ಫೋನಿನಲ್ಲೇ ಹೇಳಿಕೊಟ್ಟು ಗಾಡಿಯನ್ನು ಒಂದನೇ ಟ್ಯಾಂಕಿಗೆ ನಿಲ್ಲಿಸಿ ಲೆಕ್ಕ ಹೊಸದಾಗಿ ಶುರುಮಾಡಿಸಿದ್ದರು. ಕಳ್ಳನ ಹೆಜ್ಜೆ ಗುಡಿಸಿದ ಮೇಲೆ ನನ್ನನ್ನು ಕರೆದಿದ್ದರು.

ಆಮೇಲೆ ಪ್ರೋಗ್ರಾಂ ತೆಗೆದು ಓದಿದೆ. ಓದುತ್ತ ಮೈ ಉರಿಯಿತು. ಕಂಪನಿಯವರು ಹಾಕಿದ್ದ ಎನ್‌ಕೋಡರಿಗೆ ಒಂದು ಸುತ್ತಿನೊಳಗೆ ಚಕ್ರ ಎಲ್ಲಿದೆ ಎಂಬುದಷ್ಟೇ ಗೊತ್ತು. ಎಷ್ಟನೆಯ ಸುತ್ತು ಎಂಬುದು ಗೊತ್ತಿಲ್ಲ. ಸುತ್ತುಗಳನ್ನು ಪ್ರೋಗ್ರಾಂ ಎಣಿಸಿ ನೆನಪಿಟ್ಟುಕೊಳ್ಳುತ್ತಿತ್ತು. ಕರೆಂಟು ಹೋಗಿ ಬಂದಾಗ ಹಳೆಯ ಎಣಿಕೆಯಿಂದಲೇ ಮುಂದುವರಿಯುತ್ತಿತ್ತು. ನಡುವೆ ಚಕ್ರ ಅರ್ಧ ಸುತ್ತಿಗಿಂತ ಕಡಿಮೆ ಅಲುಗಿದರೆ ಅದನ್ನು ಸರಿಯಾಗಿ ಊಹಿಸುತ್ತಿತ್ತು. ಅದಕ್ಕಿಂತ ಹೆಚ್ಚು ತಿರುಗಿದರೆ ಲೆಕ್ಕ ತಪ್ಪುತ್ತಿತ್ತು. ಅದು ತಪ್ಪಿದ್ದೂ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಹಾಗಾಗಿ ಎಲ್ಲರನ್ನೂ ಸೇರಿಸಿ ಕೇಳಿದೆ: ಕರೆಂಟು ಇಲ್ಲದಾಗ ಯಾರಾದರೂ ಗಾಡಿಯನ್ನು ಕೈಯಿಂದ ಸರಿಸಿದ್ದೀರಾ?

“ಇಲ್ರೀ,” ಎಂದರು ಹಮಾಲರು. “ಬ್ರೇಕ್ ಹಿಡಕೊಂಡಿರ್ತದ, ಹೆಂಗ ಸರಿತದ?”

“ಇಲ್ಲ,” ಎಂದರು ಮಾಲೀಕರು.

“ಇಲ್ರೀ ಅಕ್ಕಾರ,” ಎಂದಳು ಅವಳೂ. ಒಬ್ಬರ ಕಣ್ಣಲ್ಲೂ ಸುಳ್ಳಿರಲಿಲ್ಲ. ನಂಬಿದೆ.

ಹುಡುಕುತ್ತ ಇನ್ನೊಂದು ಸಿಕ್ಕಿತು. ಎನ್‌ಕೋಡರಿನ ಕೇಬಲನ್ನು ಬಾಯ್ಲರ್ ಫ್ಯಾನಿನ ಮೋಟಾರ್ ಕೇಬಲಿನ ಪಕ್ಕದಲ್ಲೇ, ಒಂದೇ ಟ್ರೇಯಲ್ಲಿ ಎಳೆದಿದ್ದರು. ಫ್ಯಾನು ಶುರುವಾದಾಗಲೆಲ್ಲ ಪರದೆಯ ಕೊನೆಯ ಅಂಕಿಗಳು ಕುಣಿಯುತ್ತಿದ್ದವು. ಸಿಕ್ಕಿಬಿದ್ದ ಕಳ್ಳ ಎಂದು ನಾನು ಹಿಗ್ಗಿದೆ. ಹೊಸ ಕೇಬಲನ್ನು ಬೇರೆ ದಾರಿಯಲ್ಲಿ ಎಳೆಸಿದೆ, ಅದಕ್ಕೆ ಹೊದಿಸಿದ ಲೋಹದ ಬಲೆಯನ್ನು ಪ್ಯಾನಲ್ಲಿನ ಕಡೆ ಮಾತ್ರ ಅರ್ಥಿಂಗಿಗೆ ಸೇರಿಸಿದೆ, ಮಾಡ್ಯೂಲ್ ಓದುವ ವೇಗ ಇಳಿಸಿದೆ. ಅಂಕಿಗಳು ಅಲುಗದೆ ನಿಂತವು. ಸರಿಯಾಯಿತು ಎಂದು ಎಲ್ಲರಿಗೂ ಹೇಳಿ, ಮಾಲೀಕರಿಂದ ಚಹಾ ಕುಡಿಸಿಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಅವಳು ಕುರ್ಚಿಯಲ್ಲಿ ಉಳಿದಳು. ಮಧ್ಯೆ ಒಂದು ತಿಂಗಳು ಏನೂ ಆಗಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದಾದ ಮುಂದಿನ ತಿಂಗಳು ನಾನು ದೇವದುರ್ಗದಲ್ಲಿದ್ದೆ. ಅದು ನನ್ನ ತವರೂರು. ಅಲ್ಲಿನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯನ್ನು ಒತ್ತಿ ಮೂಟೆ ಮಾಡುವ ಪ್ರೆಸ್ಸಿನ ಪಂಪು ಬಿಚ್ಚಿಕೊಂಡು ಕೂತಿದ್ದಾಗ ಫೋನು ಬಂತು.

“ಅಕ್ಕಾರ, ಮತ್ತ ಆಗ್ಯಾದ್ರೀ.” ಅವಳೇ. ಹಿಂದೆ ಬಸ್ಸಿನ ಹಾರ್ನು. “ನಾಕು ಒತ್ತಿದೆ, ಐದರಾಗ ಬಿದ್ದದ. ಐದರಾಗ ನೆಲ್ಲು ಆಗಲೇ ನೆಂದು ಹಬಿಗೆ ತಯಾರಿತ್ತು. ಅದರ ಮ್ಯಾಲ ಹಸಿ ನೆಲ್ಲು ಬಿದ್ದು ಎಲ್ಲಾ ಹಾಳಾತು. ನಾಳಿಂದ ಅಂಗಳಕ್ಕ ಹೋಗು ಅಂದಾರ. ನೀವು ಸರಿ ಮಾಡೀನಿ ಅಂದಿದ್ರಿ.”

ಕೊನೆಯ ಮಾತು ಚುಚ್ಚಿತು. ಪಂಪನ್ನು ಅರ್ಧಕ್ಕೆ ಬಿಟ್ಟು, ಜಿನ್ನಿಂಗ್ ಮಿಲ್ಲಿನವರಿಂದ ಬೈಸಿಕೊಂಡು, ಸಿರವಾರದ ಮೇಲೆ ಹಾದು ಮಾರನೆಯ ದಿನ ಮಾನ್ವಿಗೆ ಹೋದೆ. ಅಷ್ಟರಲ್ಲಿ ಕಂಪನಿಯ ಇಂಜಿನಿಯರ್ ಬೆಂಗಳೂರಿನಿಂದ ಬಂದು ಗಾಡಿಯನ್ನು ಒಂದನೇ ಟ್ಯಾಂಕಿಗೆ ತಂದು, ಲೆಕ್ಕ ಮತ್ತೆ ಹೊಸದು ಮಾಡಿ, ಆಪರೇಟರ್ ಕೋಣೆಯ ಕುರ್ಚಿಯಲ್ಲೇ ಕೂತಿದ್ದ. ಒಳ್ಳೆಯ ಇಸ್ತ್ರಿಯ ಅಂಗಿ, ಒಳ್ಳೆಯ ನಗು.

“ಮೇಡಂ, ಕೇಬಲ್ ಬದಲಾಯಿಸಿದ್ದು ನೀವೇ, ಓಕೆ ಅಂದಿದ್ದೂ ನೀವೇ. ಈಗ ಉಳಿದಿರೋದು ಎರಡೇ. ಒಂದೋ ನಿಮ್ಮ ಕೆಲಸ ಸರಿಯಿಲ್ಲ, ಇಲ್ಲಾಂದ್ರೆ ಆಪರೇಟರ್ ಸರಿಯಿಲ್ಲ. ಯಾವುದು ಬರೀಲಿ? ಆಪರೇಟರ್ ಅಂತ ಬರೆದರೆ ಇಬ್ಬರೂ ಸೈನ್ ಹಾಕಿ ಮುಗಿಸೋಣ.”

“ಎರಡೂ ಬ್ಯಾಡ್ರಿ,” ಎಂದೆ. “ಗೊತ್ತಿಲ್ಲ ಅಂತ ಬರೀರಿ. ಸದ್ಯಕ್ಕ ಖರೆ ಇರೋದು ಅದೊಂದೇ.”

“ಗೊತ್ತಿಲ್ಲ ಅಂತ ಹೇಗೆ ಬರೆಯೋಕಾಗತ್ತೆ?”

“ಪೆನ್ನಿಲೆ.”

ಮಾಲೀಕರು ನಗಲಿಲ್ಲ. ಅವರ ಒಂದು ಟ್ಯಾಂಕು ಭತ್ತ ಹಾಳಾಗಿತ್ತು, ಅವರ ಸಿಟ್ಟನ್ನು ನಾನು ಅಲ್ಲಗಳೆಯಲಾರೆ. ಆದರೆ ಅಂಗಳದಲ್ಲಿ ಅವಳು ಮುಖಕ್ಕೆ ಸೆರಗು ಸುತ್ತಿಕೊಂಡು ಕಾಲಿನಿಂದ ಭತ್ತ ಹರವುತ್ತ ಹೋಗುವುದು ಬಾಗಿಲಿಂದ ಕಾಣುತ್ತಿತ್ತು. ಹಮಾಲರಲ್ಲಿ ಒಬ್ಬ, “ಏನಬೇ ಆಪರೇಟರಮ್ಮಾ, ಈಗ ಯಾವ ನಂಬರ್ ಒತ್ತಾಕತ್ತೀ?” ಎಂದು ಕೂಗಿದ. ಅವಳು ತಲೆ ಎತ್ತಲಿಲ್ಲ. ಸೈನು ಹಾಕುವುದಿಲ್ಲ ಎಂದು ಮತ್ತೊಮ್ಮೆ ಹೇಳಿದೆ. ಮಷೀನು ನನಗೆ ಒಂದು ದಿನ ಪೂರ್ತಿ ಬೇಕು, ಗಿರಣಿ ನಡೆಯದ ದಿನ, ಎಂದೂ ಹೇಳಿದೆ.

“ಅಮಾಸಿ ದಿನ ಮಿಲ್ ಬಂದ್ ಇರ್ತದ,” ಎಂದರು ಮಾಲೀಕರು. “ಆವತ್ತು ಬರ್ರಿ. ಅದಾದ ಮ್ಯಾಲ ನಾ ಏನೂ ಕೇಳಂಗಿಲ್ಲ.”

ಅಮಾವಾಸ್ಯೆಯ ಬೆಳಿಗ್ಗೆ ನನ್ನ ವರ್ಕ್‌ಶಾಪಿನಲ್ಲೂ ಪೂಜೆ. ಬೆಂಚಿಗೆ, ಡ್ರಿಲ್ ಮಷೀನಿಗೆ ಹೂವು ಏರಿಸಿ, ಸ್ಕೂಟರಿನ ಗಾಲಿಯಡಿ ನಿಂಬೆಹಣ್ಣಿಟ್ಟು, ಎಂಜಿನ್ ಚಾಲೂ ಮಾಡದೆ ಮುಂದಕ್ಕೆ ದೂಡಿ ಹಣ್ಣು ಒಡೆದು, ಬಸ್ ಸ್ಟ್ಯಾಂಡಿಗೆ ಹೊರಟೆ. ಇದನ್ನು ಹೇಳುತ್ತಿರುವುದಕ್ಕೆ ಕಾರಣವಿದೆ.

ಮಾನ್ವಿ ಮುಟ್ಟಿದಾಗ ಗಿರಣಿಯನ್ನು ತೊಳೆದು ಬಳಿದು ಮುಗಿಸಿದ್ದರು. ಮೇನ್ ಸ್ವಿಚ್ ಇಳಿಸಿತ್ತು. ನೀರು, ಕುಂಕುಮ, ಆರತಿ ಎಲ್ಲ ಪ್ಯಾನಲ್ಲಿನ ಮೈಮೇಲೆ ಬೀಳುವುದರಿಂದ ಪೂಜೆ ಮುಗಿಯುವ ತನಕ ಕರೆಂಟು ತೆಗೆಯುವುದು ಇಲ್ಲಿನ ರೂಢಿ, ಅದು ಜಾಣತನವೂ ಹೌದು. ಲ್ಯಾಪ್‌ಟಾಪ್ ಚೀಲ ಮೂಲೆಯಲ್ಲಿಟ್ಟು ನಾನೂ ಕೈಕಾಲು ತೊಳೆದು ನಿಂತೆ. ಬಾಯ್ಲರಿನ ಬಾಗಿಲಿಗೆ ಮೂರು ಬೆರಳ ವಿಭೂತಿ, ಭತ್ತ ಮೇಲೆತ್ತುವ ಎಲಿವೇಟರಿಗೆ ಚೆಂಡುಹೂವಿನ ಮಾಲೆ, ಪ್ಯಾನಲ್ಲಿಗೆ ಕಾಯಿ. ಕೊನೆಗೆ ಎಲ್ಲರೂ ಏಣಿ ಹತ್ತಿ ಮೇಲೆ ಹೋದೆವು. ಒಂದನೇ ಟ್ಯಾಂಕಿನ ಮೇಲೆ ಗಾಡಿ ನಿಂತಿತ್ತು. ಅದರ ನಾಲ್ಕೂ ಗಾಲಿಗಳ ಮುಂದೆ ಹಳಿಯ ಮೇಲೆ ನಾಲ್ಕು ನಿಂಬೆಹಣ್ಣು.

“ಬ್ರೇಕ್ ಬಿಡವ್ವಾ,” ಎಂದರು ಮಾಲೀಕರು. ಮೋಟಾರಿನ ಪಕ್ಕದ ಆ ಸಣ್ಣ ಲಿವರ್ ಎಲ್ಲಿದೆ ಎಂದು ಬಲ್ಲವಳು ಅವಳೊಬ್ಬಳೇ. ಅದಕ್ಕೆಂದೇ ಅಂಗಳದಿಂದ ಕರೆಸಿದ್ದರು. ಅವಳು ಲಿವರ್ ಎಳೆದು ಹಿಡಿದಳು. “ಹರಹರ ಮಹಾದೇವ” ಎಂದು ಕೂಗಿ ಹಮಾಲರು ದೂಡಿದರು, ಮಾಲೀಕರು ದೂಡಿದರು, ಪಕ್ಕದಲ್ಲಿ ನಿಂತಿದ್ದ ನಾನೂ ಎರಡೂ ಕೈ ಹಚ್ಚಿ ದೂಡಿದೆ. ಹಣ್ಣುಗಳು ಪಟಪಟ ಒಡೆದವು. ಮೇಲೆ ಎಲ್ಲರೂ ನಿಲ್ಲುವಷ್ಟು ಜಾಗ ಇರುವುದು ಪ್ರತಿ ಟ್ಯಾಂಕಿನ ಪಕ್ಕದ ಕಬ್ಬಿಣದ ಜಾಲರಿಯ ಮೇಲೆ ಮಾತ್ರ. ಆದ್ದರಿಂದ ಗಾಡಿಯನ್ನು ಒಂದು ಜಾಲರಿಯಿಂದ ಮುಂದಿನ ಜಾಲರಿಯವರೆಗೆ ಒಯ್ದು ಬಿಟ್ಟರು.

“ಹಿಂದಕ್ಕ ಬ್ಯಾಡ, ಹಿಂದಕ್ಕ ಬ್ಯಾಡ,” ಎಂದರು ಮಾಲೀಕರು. ಒಡೆದ ಹಣ್ಣಿನ ಮೇಲೆ ಗಾಡಿಯನ್ನು ಕೈಯಿಂದ ಹಿಂದೆ ದೂಡಬಾರದು. ನಮ್ಮ ಮನೆಯಲ್ಲೂ ಹಾಗೆಯೇ.

ಪ್ರಸಾದ ಬಾಯಿಗೆ ಹಾಕಿಕೊಂಡು ಕೆಳಗಿಳಿದೆ. ಯಾರೋ ಮೇನ್ ಹಾಕಿದರು. ಪರದೆ ಬೆಳಗಿತು: ಗಾಡಿ ಒಂದನೇ ಟ್ಯಾಂಕಿನ ಮೇಲಿದೆ.

ನನ್ನ ಅಂಗೈಯಲ್ಲಿ ಇನ್ನೂ ಗಾಡಿಯ ಕುಂಕುಮ ಇತ್ತು. ಈಗಷ್ಟೇ ಎರಡರ ಪಕ್ಕ ನಿಂತು ಇಳಿದು ಬಂದಿದ್ದೆ. ಅಂಗೈ ನೋಡಿಕೊಂಡೆ, ಪರದೆ ನೋಡಿದೆ. ಆಮೇಲೆ ನನಗೆ ನಾನೇ ಬಾಯಿಗೆ ಬಂದ ಹಾಗೆ ಬೈದುಕೊಂಡೆ. ಆ ಎರಡೂ ಅನಾಹುತಗಳು ನಡೆದದ್ದು ಅಮಾವಾಸ್ಯೆಯ ಮಾರನೆಯ ದಿನ, ಗಿರಣಿ ತೆರೆದು ಮೊದಲ ಸಲ ಭತ್ತ ಸುರಿಯುವಾಗ. ಮಧ್ಯದ ತಿಂಗಳು ಏನೂ ಆಗಲಿಲ್ಲವಲ್ಲ? ವಿಚಾರಿಸಿದರೆ, ಆ ಸಲ ಹಮಾಲರೆಲ್ಲ ಊರಿಗೆ ಹೋಗಿದ್ದರು. ಇದ್ದ ಇಬ್ಬರು ಹಣ್ಣು ಒಡೆಯುವಷ್ಟು ನೂಕಿ ಬಿಟ್ಟಿದ್ದರು. ಅರ್ಧ ಸುತ್ತಿಗಿಂತ ಕಡಿಮೆ ಇದ್ದುದರಿಂದ ಪ್ರೋಗ್ರಾಂ ಸರಿಯಾಗಿ ಊಹಿಸಿತ್ತು.

ಎಲ್ಲರನ್ನೂ ಕೂಗಿ ಕರೆದೆ. “ಯಾರೂ ಕೈಯಿಂದ ಸರಿಸಿಲ್ಲ ಅಂದಿದ್ರೆಲ್ಲಾ? ಈಗ ಮಾಡಿದ್ದೇನು?”

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅದು ಸರಸೋದು ಅಲ್ಲಲ್ರೀ ಮೇಡಂ,” ಎಂದ ಒಬ್ಬ. “ಅದು ಪೂಜಿ.”

ಸ್ಕೂಟರ್ ಇವತ್ತು ಅಲುಗಿದೆಯಾ ಎಂದು ನನ್ನನ್ನು ಯಾರಾದರೂ ಕೇಳಿದ್ದರೆ, ಇಲ್ಲ, ವರ್ಕ್‌ಶಾಪಿನಲ್ಲೇ ನಿಂತಿದೆ ಎಂದೇ ಹೇಳುತ್ತಿದ್ದೆ. ಈ ತಪ್ಪನ್ನು ಬೇರೆ ಊರಿನವರು ಮಾಡಲಾರರು. ಹಿಡಿಯಲಾರರು ಕೂಡ.

“ಆತು,” ಎಂದರು ಮಾಲೀಕರು. “ಬ್ರೇಕ್ ತಗದಾಕಿ ಈಕಿನೇ ಅಲ್ಲೇನು ಮತ್ತ? ಬ್ರೇಕ್ ತಗೀಲಿಲ್ಲಂದ್ರ ಗಾಡಿ ಸರೀತಿತ್ತಾ?”

ಸಿಟ್ಟು ನೆತ್ತಿಗೇರಿತು. “ತಗೀ ಅಂದವರು ನೀವು. ದೂಡಿದವರು ನೀವೂ ಹೌದು, ನಾನೂ ಹೌದು. ಆಕಿಗೆ ಅಂಗಳ ಅಂದ್ರ ನಮಗೂ ಅಂಗಳಾರೀ ಸಾವ್ಕಾರ್ರ. ಬರ್ರಿ, ಇಬ್ಬರೂ ನೆಲ್ಲು ಹರವೋಣು. ಕಾಲಾಗಿನ ಕಾಲ್ಮರಿ ಇಲ್ಲೇ ಬಿಡ್ತೀನಿ.”

ಅವರಿಗೆ ಹಾಗೆ ಯಾರೂ ಮಾತನಾಡಿರಲಿಲ್ಲ ಎಂದು ಕಾಣುತ್ತದೆ. ಹಮಾಲರು ನೆಲ ನೋಡಿದರು. ಅವಳು ಮಾತ್ರ ಮಾಲೀಕರನ್ನೇ ನೋಡುತ್ತ ನಿಂತಿದ್ದಳು.

ಕಂಪನಿಯ ಇಂಜಿನಿಯರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಎಲ್ಲ ಕೇಳಿ ಅವನೆಂದ: “ಪೂಜೆ ನಿಲ್ಲಿಸೋಕೆ ಹೇಳಿ. ಬ್ರೇಕ್ ಲಿವರ್‌ಗೆ ಬೀಗ ಹಾಕಿ. ನಮ್ಮ ಮ್ಯಾನುವಲ್‌ನಲ್ಲಿ ಇದಕ್ಕೆಲ್ಲ ಜಾಗ ಇಲ್ಲ.”

“ಜಾಗ ಇಲ್ಲಂದ್ರ ಮಾಡ್ರಿ,” ಎಂದೆ. “ಮಷೀನ್ ಇರೋದು ಮಾನ್ವಿಯಾಗ. ಅಮಾಸಿ ಪ್ರತಿ ತಿಂಗಳು ಬರ್ತದ.”

ಅಲ್ಲೇ ನಿರ್ಧಾರ ಮಾಡಿದೆ. ಬೀಗ ಹಾಕಿದರೆ ಇವರು ಎರಡು ತಿಂಗಳು ಸುಮ್ಮನಿದ್ದು ಮೂರನೆಯದಕ್ಕೆ ಬ್ರೇಕನ್ನೇ ಬಿಚ್ಚಿ ದೂಡುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತೇನೆ. ಬದಲಾಗಬೇಕಾದದ್ದು ಮಷೀನು. ಕರೆಂಟು ಇಲ್ಲದಾಗಲೂ ಸುತ್ತು ಎಣಿಸುವ ಎನ್‌ಕೋಡರುಗಳು ಇವೆ. ಒಳಗೆ ಗಡಿಯಾರದ ಹಾಗೆ ಸಣ್ಣ ಹಲ್ಲಿನ ಚಕ್ರಗಳಿರುತ್ತವೆ. ಯಾರು ದೂಡಿದರೂ, ಯಾವಾಗ ದೂಡಿದರೂ ಅವು ತಿರುಗುತ್ತವೆ. ಅದನ್ನು ತರಿಸಿ ಹಾಕುತ್ತೇನೆ, ಮಾಡ್ಯೂಲಿನ ಪ್ರೋಗ್ರಾಂ ಹೊಸದಾಗಿ ಬರೆಯುತ್ತೇನೆ ಎಂದೆ. ಹಾಗೆ ಮಾಡಿದರೆ ಗ್ಯಾರಂಟಿ ಹೋಗುತ್ತದೆ ಎಂದ ಇಂಜಿನಿಯರ್. ಗ್ಯಾರಂಟಿ ನಾನು ಎಂದೆ.

ಮಾಲೀಕರು ಒಪ್ಪಿದರು, ಷರತ್ತಿನ ಮೇಲೆ. “ಬರೋ ಅಮಾಸಿಗೆ ಇಲ್ಲೇ ಪೂಜಿ ಮಾಡ್ತೀವಿ. ಬೇಕಾದಲ್ಲಿಗೆ ದೂಡ್ತೀವಿ. ತಪ್ಪಿತಂದ್ರ ನೀವು ಈ ಮಿಲ್ಲಿನ ಬಾಗಲಾ ತುಳಿಬ್ಯಾಡ್ರಿ, ಈಕಿ ಪ್ಯಾನಲ್ ಮುಟ್ಟಬಾರ್ದು. ಅಲ್ಲಿತನಕ ಈಕಿ ಅಂಗಳದಾಗ.”

“ಒಪ್ಕೊರಿ ಅಕ್ಕಾರ,” ಎಂದಳು ಅವಳು, ನಾನು ಬಾಯಿ ತೆರೆಯುವ ಮೊದಲೇ.

ಹೊಸ ಎನ್‌ಕೋಡರ್ ಬಂತು. ಹಳೆಯದರ ಜಾಗದಲ್ಲಿ ಕೂರಿಸಿ ಕರೆಂಟು ಕೊಟ್ಟರೆ ಪರದೆಯ ಮೇಲೆ ಹುಚ್ಚು ಅಂಕಿಗಳು. ಮಾಡ್ಯೂಲ್ ಇನ್ನೂ ಹಳೆಯ ಅಭ್ಯಾಸದಂತೆ ಹದಿಮೂರು ಬಿಟ್ ಓದಿ ನಿಲ್ಲಿಸುತ್ತಿತ್ತು. ಇದು ಕಳಿಸುವುದು ಇಪ್ಪತ್ತೈದು: ಮೊದಲ ಹನ್ನೆರಡು ಎಷ್ಟನೆಯ ಸುತ್ತು ಎಂಬುದಕ್ಕೆ, ಉಳಿದ ಹದಿಮೂರು ಸುತ್ತಿನೊಳಗಿನ ಜಾಗಕ್ಕೆ. ಅದನ್ನು ತಿದ್ದಿದೆ. ಅಂಕಿ ಈಗ ಸ್ವಲ್ಪ ಮುಂದೆ ಹೋಗಿ ಹಿಂದಕ್ಕೆ ಜಿಗಿಯುತ್ತಿತ್ತು, ಮತ್ತೆ ಮುಂದೆ. ಎನ್‌ಕೋಡರ್ ಗ್ರೇ ಕೋಡಿನಲ್ಲಿ ಮಾತನಾಡುತ್ತಿದೆ, ಅಂದರೆ ಒಂದೊಂದು ಹೆಜ್ಜೆಗೆ ಒಂದೇ ಒಂದು ಬಿಟ್ ಬದಲಾಗುವ ಲಿಪಿಯಲ್ಲಿ. ಮಾಡ್ಯೂಲ್ ಅದನ್ನು ಸಾಮಾನ್ಯ ಎಣಿಕೆ ಎಂದು ಓದುತ್ತಿದೆ. ಅದನ್ನೂ ತಿದ್ದಿದೆ. ಅಂಕಿ ನಯವಾಗಿ ಓಡಿತು.

ಆತುರದಲ್ಲಿ ಒಂದನೇ ಟ್ಯಾಂಕಿನಲ್ಲಿ ಸೊನ್ನೆ ಕೂರಿಸಿಬಿಟ್ಟೆ. ಆಮೇಲೆ ಗಾಡಿಯನ್ನು ಮುಂದೆ ಬಿಟ್ಟರೆ ಅಂಕಿ ಇಳಿಯುತ್ತ ಹೋಗಿ ಸೊನ್ನೆಯ ಆಚೆಗೆ ಬಿದ್ದು, ಎಲ್ಲಕ್ಕಿಂತ ದೊಡ್ಡ ಅಂಕಿಯಿಂದ ಶುರುವಾಯಿತು. ಎನ್‌ಕೋಡರನ್ನು ಕೂರಿಸಿದ್ದು ಹಳೆಯದರ ಎದುರು ದಿಕ್ಕಿಗೆ. ದಿಕ್ಕು ಬದಲಿಸದೆ ಸೊನ್ನೆ ಕೂರಿಸಬಾರದು. ದಿಕ್ಕು ತಿರುಗಿಸಿ, ಸೊನ್ನೆಯ ಬದಲು ಎರಡೂ ಕಡೆ ಜಾಗ ಬಿಟ್ಟು ಒಂದು ದೊಡ್ಡ ಅಂಕಿ ಕೂರಿಸಿ, ದಾರ ನಟ್ ತೆಗೆದುಕೊಂಡು ಎಂಟೂ ಟ್ಯಾಂಕುಗಳನ್ನು ಹೊಸದಾಗಿ ಅಳೆದೆ. ಊಟದ ಬಿಡುವಿನಲ್ಲಿ ಅವಳು ಅಂಗಳದಿಂದ ಬಂದು, ಮೈಯೆಲ್ಲ ಭತ್ತದ ದೂಳಿನಲ್ಲಿ, ಅಂಕಿ ಓದಿ ಹೇಳುತ್ತಿದ್ದಳು. ಪ್ಯಾನಲ್ಲಿಗೆ ಕೈ ಹಚ್ಚುತ್ತಿರಲಿಲ್ಲ. ಷರತ್ತೆಂದರೆ ಷರತ್ತು. ಮಾಲೀಕರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ಹೋದರು.

ಸುತ್ತು ಎಣಿಸಿ ಊಹಿಸುವ ಹಳೆಯ ಭಾಗವನ್ನು ಪೂರ್ತಿ ಅಳಿಸಿದೆ. ಅಳಿಸುವಾಗ ಪಟ್ಟ ಸಂತೋಷವನ್ನು ಮುಚ್ಚಿಡುವುದಿಲ್ಲ. ಅದರ ಜಾಗದಲ್ಲಿ ಬೇರೊಂದು ಬರೆದೆ. ಕರೆಂಟು ಹೋಗುವಾಗ ಗಾಡಿ ಎಲ್ಲಿತ್ತು, ಬಂದಾಗ ಎಲ್ಲಿದೆ ಎಂದು ಕಂಟ್ರೋಲರ್ ಹೋಲಿಸಬೇಕು. ವ್ಯತ್ಯಾಸವಿದ್ದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ, ಕನ್ನಡದಲ್ಲಿ ಬರಬೇಕು: “ಕರೆಂಟಿಲ್ಲದಾಗ ಗಾಡಿ ಸರಿದಿದೆ. ಮೇಲೆ ಹತ್ತಿ ನೋಡಿ ಬಂದು ಒತ್ತಿ.” ಒತ್ತುವ ತನಕ ಒಂದು ಕಾಳು ಭತ್ತವೂ ಬೀಳಕೂಡದು. ಸಾಲದ್ದಕ್ಕೆ ಮೊದಲ ಮತ್ತು ಕೊನೆಯ ಟ್ಯಾಂಕಿನ ಹಳಿಗೆ ಒಂದೊಂದು ಕಬ್ಬಿಣದ ಪಟ್ಟಿ ಬೆಸೆದು, ಅದನ್ನು ಗುರುತಿಸುವ ಸೆನ್ಸರ್ ಗಾಡಿಗೆ ಹಾಕಿದೆ. ಎನ್‌ಕೋಡರ್ ಮೇಲೆ ನನಗೆ ನಂಬಿಕೆಯಿದೆ. ಆದರೆ ಟ್ಯಾಂಕಿನೊಳಗೆ ಮನುಷ್ಯರು ಇಳಿಯುತ್ತಾರೆ.

ಅಮಾವಾಸ್ಯೆ ಬಂತು. ಹೋದ ಸಲಕ್ಕಿಂತ ಜನ ಹೆಚ್ಚು. ಪಕ್ಕದ ಗಿರಣಿಯವರೂ ನೋಡಲು ಬಂದಿದ್ದರು. ಮೇನ್ ಇಳಿಯಿತು, ಪೂಜೆಯಾಯಿತು. ಮಾಲೀಕರು ಅವಳಿಗೆ, “ನೀ ಕೆಳಗ ಕೂಡು. ಬ್ರೇಕ್ ನಾ ಹಿಡೀತೀನಿ,” ಎಂದರು. ನಾನು ಅವಳ ಹಿಂದೆ ಗೋಡೆಗೆ ಒರಗಿ ನಿಂತೆ. ಅವಳ ಎರಡೂ ಕೈ ತೊಡೆಯ ಮೇಲಿದ್ದವು.

ಮೇಲೆ “ಹರಹರ ಮಹಾದೇವ” ಕೇಳಿಸಿತು. ಹಮಾಲರು ಸೇಡು ತೀರಿಸಿಕೊಳ್ಳುವಂತೆ ದೂಡಿದರು. ಗಾಲಿಗಳ ಸದ್ದು ನಮ್ಮ ತಲೆಯ ಮೇಲೆ ಹಾದು ದೂರ ಹೋಗಿ ನಿಂತಿತು. ಮೇನ್ ಬಂತು. ಕೆಂಪಕ್ಷರ ಮೂಡಿತು. ಅವಳ ಫೋನು ಬಡಿಯಿತು.

“ಹೇಳವ್ವಾ, ಯಾವ ಟ್ಯಾಂಕಿನ ಮ್ಯಾಲದ?” ಮಾಲೀಕರ ದನಿ.

“ಐದರ ಮ್ಯಾಲ ಅದರೀ. ಐದು ದಾಟಿ ಒಂದು ಗೇಣು ಮುಂದ ಹೋಗ್ಯಾದ.”

ಮೇಲೆ ಯಾರೋ ಬಗ್ಗಿ ಗೇಣು ಹಾಕಿ ನೋಡಿದ್ದನ್ನು ಆಮೇಲೆ ಹೇಳಿದರು. ಮತ್ತೆ ಮೇನ್ ಇಳಿಯಿತು, ಈ ಸಲ ನಮಗೆ ಹೇಳದೆ. ಗಾಲಿಗಳ ಸದ್ದು ಬಂತು, ನಿಂತಿತು, ಮತ್ತೆ ಬಂತು, ನಿಂತಿತು. ಮೇನ್ ಹಾಕಿದರು.

“ಈಗ?”

“ಏಳಕ್ಕ ಒಯ್ದೀರಿ. ನಟ್ಟನಡುವ ನಿಂತದ.” ಆಮೇಲೆ ಅವಳೇ ಸೇರಿಸಿದಳು, “ಇನ್ನೂ ದೂಡೋರಿದ್ರ ದೂಡ್ರಿ. ನಾ ಇಲ್ಲೇ ಕುಂತಿರ್ತೀನಿ.”

ಮೇಲಿನಿಂದ ನಗು ಉರುಳಿಕೊಂಡು ಬಂತು. ಮಾಲೀಕರು ಏಣಿ ಇಳಿದು ಬಾಗಿಲಿಗೆ ಬಂದರು, ಅಂಗೈಗೆ ಗ್ರೀಸು, ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು. ಅವರು ಬಂದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು. ಇವತ್ತು ಏಳಲಿಲ್ಲ.

“ನಾಳಿಂದ ಪ್ಯಾನಲ್‌ಗೆ ಬಾರವ್ವಾ,” ಎಂದರು.

“ನಾಳಿ ಯಾಕ್ರೀ ಸಾವ್ಕಾರ್ರ, ಇವತ್ತ ಕುಂತೀನಲ್ಲ.” ಅವಳು ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು. “ಆದ್ರ ಅವತ್ತು ಅಂಗಳದಾಗ ಎಲ್ಲಾರ ಮುಂದ ಒಂದು ಮಾತು ಅಂದಿದ್ರಿ. ಅದನ್ನ ಎಲ್ಲಾರ ಮುಂದನಾ ವಾಪಸ್ ತಗೋರಿ.”

ಅವರು ನನ್ನ ಮುಖ ನೋಡಿದರು. ನಾನು ಲ್ಯಾಪ್‌ಟಾಪ್ ಚೀಲದ ಜಿಪ್ಪು ಎಳೆಯುತ್ತ ನಿಂತೆ, ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ ಅವರು ಅಂಗಳದ ಕಡೆ ತಿರುಗಿ ಕೂಗಿದರು:

“ಕೇಳ್ರಲೇ ಎಲ್ಲಾರೂ! ಸುಳ್ಳು ಹೇಳಿದ್ದು ಮಷೀನು. ಈಕಿ ಅಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಸೆನ್ಸರ್ ಸರಿಯಿದೆಯೇ, ಮೇಲೆ ಎಲ್ಲರೂ ದೂರ ಸರಿದಿದ್ದಾರೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡು, ಕೆಂಪಕ್ಷರ ಅಳಿಸಿ, ಮೂರನ್ನು ಒತ್ತಿದಳು. ಮೋಟಾರು ಶುರುವಾಯಿತು. ತಲೆಯ ಮೇಲೆ ಗಾಲಿಗಳು ಉರುಳಿ ಬಂದು ನಿಂತವು. ಮೇಲಿದ್ದವನು ಅವತ್ತು ಸೊಂಟದವರೆಗೆ ಭತ್ತದಲ್ಲಿ ಹೂತುಹೋಗಿದ್ದ ಹಮಾಲ. ಅವನು ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದ:

“ಮೂರು! ಮೂರರ ಮ್ಯಾಲ ನಿಂತದ!”